ಎದುರಾಳಿಯನ್ನು ಕರೆತಂದವಳು

ತೋಡಾರಿನ ನೋಣಯ್ಯನ ಮಗಳು ಪ್ರೇಮಾವತಿ ಮೂಡುಬಿದಿರೆಯ ಮಹಿಳಾ ಕಾಲೇಜಿಗೆ ಸೇರಿದ್ದು ಅರವತ್ತೊಂದರಲ್ಲಿ. ಆ ವರ್ಷವೇ, ಪರದೇಶ ನೋಡಿ ಬಂದಿದ್ದ ಆಟದ ಟೀಚರೊಬ್ಬರು ಸಭಾಂಗಣದ ಉದ್ದಕ್ಕೂ ಹಲಸಿನ ಹಲಗೆ ಹಾಸಿಸಿದರು. ತುದಿಯಲ್ಲಿ ಹತ್ತು ಮರದ ಗೂಟ ನಿಲ್ಲಿಸಿ, ದೂರದಿಂದ ಭಾರದ ಚೆಂಡು ಉರುಳಿಸಿ ಕೆಡಹುವ ಬೌಲಿಂಗ್ ಆಟ ಕಲಿಸಿದರು. ಪ್ರೇಮಾವತಿ ಚೆಂಡು ಬಿಟ್ಟಳೆಂದರೆ ಹೆಚ್ಚಿನ ಸಲ ಗೂಟ ಒಂದೂ ಉಳಿಯುತ್ತಿರಲಿಲ್ಲ. ಮಹಿಳಾ ಕಾಲೇಜುಗಳ ಮೊದಲ ಪಂದ್ಯಾವಳಿಗೆ ಅವಳ ಹೆಸರೇ ಮೊದಲು ಬಂತು.

ಅದನ್ನು ಸಹಿಸಲಾರದೆ ಹೋದವಳು ಸಹಪಾಠಿ ವಿನೋದಾ, ಬಂಟ್ವಾಳದ ಹೋಟೆಲಿನ ಶೀನಪ್ಪನ ಮಗಳು. ಒಂದು ಭಾನುವಾರ ತೋಡಾರಿಗೆ ಹೋಗಿ, ಪ್ರೇಮಾವತಿಯ ಅಜ್ಜಿ ಸೇಸಮ್ಮನ ಪಕ್ಕ ಕುಳಿತು, ನಿಮ್ಮ ಮೊಮ್ಮಗಳು ಗಂಡಸರ ಎದುರು ಸೀರೆ ಎತ್ತಿಕಟ್ಟಿ ಕುಣಿಯುತ್ತಾಳೆ ಎಂದು ಮೆಲ್ಲಗೆ ಕಿವಿ ಊದಿದಳು. ಅಜ್ಜಿಯ ಬಾಯಿಂದ ಅದನ್ನು ಕೇಳಿದ ನೋಣಯ್ಯ ಮರುದಿನವೇ ಮಗಳನ್ನು ಕಾಲೇಜು ಬಿಡಿಸಿದ. ಅವಳು ಅತ್ತದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವಳ ಜಾಗದಲ್ಲಿ ಆಡಿದ ವಿನೋದಾ ಕಪ್ಪು ಗೆದ್ದಳು.

ಪ್ರೇಮಾವತಿ ಮತ್ತೆ ಅಳಲಿಲ್ಲ. ಅಂಗಳದಲ್ಲಿ ಒನಕೆಯ ತುಂಡುಗಳನ್ನು ನಿಲ್ಲಿಸಿ, ಸುಲಿದ ತೆಂಗಿನಕಾಯಿ ಉರುಳಿಸಿ ಕೈ ಪಳಗಿಸಿದಳು. ಪ್ರತಿ ತುಂಡಿಗೂ ಅವಳ ಮನಸ್ಸಿನಲ್ಲಿ ಒಂದೇ ಮುಖ, ಅಜ್ಜಿ ಹೆಸರಿಸಿದ್ದ ವಿನೋದಾಳದು. ಮರುವರ್ಷ ಲಾಯಿಲದ ಸೋದರಮಾವ ಪದ್ಮಯ್ಯ ಭಾವ ನೋಣಯ್ಯನೊಡನೆ ಜಗಳವಾಡಿಯೇ ಅವಳನ್ನು ಕರೆದೊಯ್ದು ಬೆಳ್ತಂಗಡಿಯ ಮಹಿಳಾ ಕಾಲೇಜಿಗೆ ಸೇರಿಸಿದ. ಅಲ್ಲಿಯೂ ಬೌಲಿಂಗ್ ತಂಡ ಕಟ್ಟಿದ್ದರು.

ಪಂದ್ಯಾವಳಿ ಹತ್ತಿರ ಬಂದಾಗ ಒಂದು ಸುದ್ದಿ ಬಂತು. ವಿನೋದಾಳಿಗೆ ಮದುವೆ ನಿಶ್ಚಯವಾಗಿದೆ, ಶೀನಪ್ಪ ಇನ್ನು ಆಟ ಸಾಕು ಎಂದಿದ್ದಾನೆ. ಗೆಳತಿಯರು, ಕಪ್ಪು ನಮಗೇ ಎಂದು ನಕ್ಕರು. ಪ್ರೇಮಾವತಿ ಬಸ್ಸು ಹತ್ತಿ ನೇರ ಬಂಟ್ವಾಳಕ್ಕೆ ಹೋದಳು.

ಶೀನಪ್ಪ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ. ಅವಳು ವಿನಯದಿಂದ ಕೈಮುಗಿದಳು. "ನಿಮ್ಮ ಮಗಳು ಇಲ್ಲದಿದ್ದರೆ ಆಟಕ್ಕೆ ಕಳೆಯೇ ಇಲ್ಲ. ಈ ಒಂದು ಸಲ ಕಳಿಸಿ. ಬೀಗರನ್ನೂ ಕರ್ಕೊಂಡು ಬನ್ನಿ, ಅವರೂ ನೋಡ್ಲಿ."

ಹೊಗಳಿಕೆಗೆ ಶೀನಪ್ಪ ಕರಗಿದ. ಕಾಫಿಯನ್ನೂ ಕೊಟ್ಟ.

ಅಂತಿಮ ಪಂದ್ಯದ ದಿನ ಅವನು ಬೀಗರ ಜೊತೆ ಮುಂದಿನ ಬೆಂಚಿನಲ್ಲಿ ಕುಳಿತಿದ್ದ. ವಿನೋದಾ ಚೆನ್ನಾಗಿಯೇ ಆಡಿದಳು. ಆದರೆ ಎದುರಿನವಳು ಪ್ರತಿ ಸಲ ಚೆಂಡು ಬಿಡುವ ಮೊದಲು ತನ್ನ ಮುಖವನ್ನೇ ದಿಟ್ಟಿಸುವುದನ್ನು ಕಂಡು ಗುರಿ ತಪ್ಪತೊಡಗಿದಳು. ಚೆಂಡು ಒಮ್ಮೆ ಹಲಗೆಯಿಂದಲೇ ಜಾರಿ ಬೀಗಿತ್ತಿಯ ಕಾಲಬುಡಕ್ಕೆ ಹೋಗಿ ನಿಂತಿತು. ಸಭೆ ಗೊಳ್ಳೆಂದಿತು. ಪ್ರೇಮಾವತಿ ನಗಲಿಲ್ಲ. ಕೊನೆಯ ಚೆಂಡಿಗೆ ಹತ್ತೂ ಗೂಟಗಳನ್ನು ಮಲಗಿಸಿ ಕಪ್ಪು ಗೆದ್ದಳು.

ಹಿಂಬದಿಯ ಜಗಲಿಯಲ್ಲಿ ವಿನೋದಾ ಕಣ್ಣೊರೆಸುತ್ತ ಕೇಳಿದಳು: "ಅಪ್ಪನನ್ನು ಒಪ್ಪಿಸಿದ್ದು ಇದಕ್ಕೆಯಾ?"

"ಹೌದು. ನೀನು ಬಾರದಿದ್ದರೆ ನಾನು ಸೋಲಿಸುವುದು ಯಾರನ್ನು? ನಿನ್ನ ಹಾಗೆ ಅಜ್ಜಿಯ ಕಿವಿ ಊದ್ಲಿಕ್ಕೆ ನನಗೆ ಬರುವುದಿಲ್ಲ."

ವಿನೋದಾ ಕ್ಷಮೆ ಕೇಳಿ ಕೈ ಚಾಚಿದಳು. ಪ್ರೇಮಾವತಿ ಆ ಕೈಯನ್ನು ನೋಡಿದಳು, ಮುಟ್ಟಲಿಲ್ಲ.

ಮುಂದೆ ಅವಳು ಬೆಳ್ತಂಗಡಿಯ ಶಾಲೆಯೊಂದರಲ್ಲಿ ಆಟದ ಟೀಚರಾದಳು. ಹಗೆ ಸಾಧಿಸಿ ಏನು ಸಿಕ್ಕಿತು ಎಂದು ಪದ್ಮಯ್ಯ ಒಮ್ಮೆ ಕೇಳಿದ್ದಕ್ಕೆ, ಗೆದ್ದ ರಾತ್ರಿ ಒಳ್ಳೆಯ ನಿದ್ದೆ ಬಂತು ಎಂದಳಂತೆ.