ಬಟ್ಟಲಿನ ತಳದ ಖಾರ

ಅವರ ಬಲಗೈಯ ಅಂಗೈ ಏಪ್ರಿಲ್ ತಿಂಗಳ ನಡುಮಧ್ಯಾಹ್ನದಲ್ಲೂ ತಣ್ಣಗಿರುತ್ತಿತ್ತು. ಬೆರಳ ತುದಿಗಳು ಬಚ್ಚಂಗಾಯಿಯ, ಎಂದರೆ ಕಲ್ಲಂಗಡಿಯ, ನೀರಿನಲ್ಲಿ ನೆನೆದು ಸುಕ್ಕುಗಟ್ಟಿರುತ್ತಿದ್ದವು, ಉಗುರಿನ ಸಂದಿಯಲ್ಲಿ ಗಾಂಧಾರಿ ಮೆಣಸಿನ ಸಿಪ್ಪೆ ಸಿಕ್ಕಿಕೊಂಡಿರುತ್ತಿತ್ತು. ಆ ಅಂಗೈಯನ್ನು ಸೆರಗಿಗೆ ಒರೆಸಿ ನನ್ನ ಹೊಟ್ಟೆಯ ಮೇಲಿಟ್ಟು, ತುಟಿ ಬಿಗಿದು, ಗೋಡೆಯನ್ನೇ ನೋಡುತ್ತಾ ಕುಳಿತುಬಿಡುತ್ತಿದ್ದರು. ಒಳಗೆ ಮಗು ಒಮ್ಮೆ ಅಲುಗಿದರೆ ಸಾಕು, ಹಿಡಿದ ಉಸಿರು ಬಿಟ್ಟು, "ಹಾಂ, ಉಂಟು" ಎನ್ನುತ್ತಿದ್ದರು. ಆ ಬೇಸಿಗೆಯನ್ನು ನಾನು ದಾಟಿದ್ದು ಆ ಎರಡು ಶಬ್ದ ಕೇಳಿಸಿಕೊಂಡೇ.

ಲಾಯಿಲದಲ್ಲಿ ನಾವು ಬಾಡಿಗೆಗಿದ್ದ ಮನೆಯ ಒಡತಿ ಅವರು. ರಕ್ತಸಂಬಂಧ ಏನೂ ಇಲ್ಲ, ಆದರೂ ನಾವು ಬಂದ ವಾರದಲ್ಲೇ ದೊಡ್ಡಮ್ಮ ಆಗಿಬಿಟ್ಟಿದ್ದರು. ಮನೆಯ ಮುಂದಿನ ಭಾಗ ಅವರದು, ಹಿಂದಿನದು ನಮ್ಮದು, ಬಾವಿ ಇಬ್ಬರದೂ. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಯಾಕೆ ಇಲ್ಲ ಎಂದು ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ನಮ್ಮ ಮಾತೆಲ್ಲ ತುಳುವಿನಲ್ಲಿ. ಬರೆಯಲು ಕುಳಿತಾಗ ಕನ್ನಡಕ್ಕೆ ಬಂದಿದೆ.

ಅವರಂಥ ಪುಕ್ಕಲರನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ. ಸ್ವಂತ ಅಂಗಳದ ತೆಂಗಿನ ಮರದಡಿಯಲ್ಲಿ ನಡೆಯುವಾಗಲೂ ತಲೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದರು. ಬೀಗ ಹಾಕಿ ಗೇಟಿನ ತನಕ ಹೋದವರು, ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ವಾಪಸ್ ಬಂದು ಬೀಗ ತೆಗೆಯುತ್ತಿದ್ದರು. ನನ್ನ ಗಂಡನ ಕೆಲಸ ಬಂಟ್ವಾಳದಲ್ಲಿ. ಸಂಜೆ ಬಸ್ಸು ತಡವಾದರೆ ನನಗಿಂತ ಮೊದಲು ಫೋನ್ ಮಾಡುವವರು ದೊಡ್ಡಮ್ಮ. "ಪುಂಜಾಲಕಟ್ಟೆ ದಾಟಿತಾ?" ಎಂದು ಕೇಳುವುದು. ದಾಟಿತು ಎಂದರೂ ಮುಗಿಯುತ್ತಿರಲಿಲ್ಲ, "ಬಾಗಿಲ ಹತ್ತಿರ ನಿಲ್ಲಬೇಡಿ ಆಯ್ತಾ" ಎನ್ನುವುದು. ಇವರು ಗೇಟು ತೆಗೆಯುತ್ತಲೇ, "ದೊಡ್ಡಮ್ಮಾ, ಕೈಕಾಲು ಎಲ್ಲ ಉಂಟು, ಬಂದು ನೋಡಿಕೊಳ್ಳಿ" ಎಂದು ಕೀಟಲೆ ಮಾಡುತ್ತಿದ್ದರು. ದೊಡ್ಡಮ್ಮ ನಗುತ್ತಿರಲಿಲ್ಲ. ನಿಜವಾಗಿಯೂ ಒಮ್ಮೆ ಮೇಲಿನಿಂದ ಕೆಳಗೆ ನೋಡಿಯೇ ಒಳಗೆ ಹೋಗುತ್ತಿದ್ದರು.

ನಾವು ನಗುತ್ತಿದ್ದೆವು. ನಾನು ಗರ್ಭಿಣಿಯಾದ ಮೇಲೆ ನನ್ನ ನಗು ನಿಂತಿತು.

ಹಿಂದಿನ ವರ್ಷ ಒಂದು ಮಗು ಹೊಟ್ಟೆಯಲ್ಲೇ ಹೋಗಿತ್ತು. ಈ ಸಲ ಪ್ರತಿ ಬೆಳಿಗ್ಗೆ ಎಚ್ಚರವಾದಾಗ ಮೊದಲು ಬರುತ್ತಿದ್ದದ್ದು ಭಯ. ಶಾಲೆಯಲ್ಲಿ ಕಪ್ಪುಹಲಗೆಯ ಮೇಲೆ ಬರೆಯುವಾಗ ಬಲಗೈಯಲ್ಲಿ ಸೀಮೆಸುಣ್ಣ, ಎಡಗೈ ಹೊಟ್ಟೆಯ ಮೇಲೆ. ಕಂಡವರೆಲ್ಲ "ಪೋಡ್ಯೊಡ್ಚಿ" ಎನ್ನುತ್ತಿದ್ದರು, ಹೆದರಬೇಡ ಎಂದು. ಅಮ್ಮ ಹೇಳಿದಳು, ಅತ್ತೆ ಹೇಳಿದರು, ಬಸ್ಸಿನ ಕಂಡಕ್ಟರ್ ಕೂಡ ಸೀಟು ಕೊಡಿಸುತ್ತಾ ಹೇಳಿದ. ಹೇಳಿದವರಿಗೆ ಸಮಾಧಾನವಾಗುತ್ತಿತ್ತು, ನನಗಲ್ಲ. ದೊಡ್ಡಮ್ಮ ಮಾತ್ರ ಆ ಮಾತು ಹೇಳಲಿಲ್ಲ.

"ಹೆದರ್ಲಿಕ್ಕೆ ನಾಚಿಕೆ ಎಂತದ್ದು ಮಗಾ? ಹೆದರು. ಹೆದರಿ ಬೇಗ ಹೇಳು. ಹೊತ್ತು ಮಾಡಬೇಡ," ಎಂದರು.

ಬೆಳ್ತಂಗಡಿಯ ಡಾಕ್ಟರಮ್ಮನ ಬಳಿಗೆ ನನ್ನ ಜೊತೆ ಬರುತ್ತಿದ್ದವರೂ ಅವರೇ. ಮಗುವಿನ ಅಲುಗಾಟ ದಿನಾ ಗಮನಿಸಬೇಕು, ತಣ್ಣಗೆ ಸಿಹಿಯಾದದ್ದು ಏನಾದರೂ ತಿಂದು ಎಡಮಗ್ಗುಲಲ್ಲಿ ಮಲಗಿ ನೋಡಿ, ಕಡಿಮೆ ಅನ್ನಿಸಿದರೆ ತಕ್ಷಣ ಬನ್ನಿ ಎಂದು ಡಾಕ್ಟರು ಹೇಳಿದ್ದರು. ದೊಡ್ಡಮ್ಮ ಆ ಮಾತನ್ನು ಹಿಡಿದುಕೊಂಡರು. ಬಚ್ಚಂಗಾಯಿ ಆಗಬಹುದೇ ಎಂದು ಕೇಳಿದರು. ಶೀತ ಅಲ್ಲವೇ ಎಂದು ಮತ್ತೆ ಕೇಳಿದರು. ಹೊರಗೆ ಬಂದು ಚಪ್ಪಲಿ ಹಾಕಿದವರು, ಬೀಜ ನುಂಗಿದರೆ ತೊಂದರೆ ಉಂಟೇ ಎಂದು ಕೇಳಲು ಮತ್ತೆ ಒಳಗೆ ಹೋದರು. ಡಾಕ್ಟರು ನಗುತ್ತಿದ್ದುದು ಹೊರಗೆ ಕೇಳಿಸಿತು.

ಮರುದಿನದಿಂದ ಅದು ಶುರುವಾಯಿತು. ಈಗಿನವರು ಅದನ್ನು ಸಲಾಡ್ ಎನ್ನುತ್ತಾರೆ, ಅವರ ಬಾಯಲ್ಲಿ ಅದಕ್ಕೆ ಹೆಸರೇ ಇರಲಿಲ್ಲ, ಬರೇ "ಬಚ್ಚಂಗಾಯಿ ಮಾಡಿದ್ದು". ಬೆಳಿಗ್ಗೆಯೇ ಕಾಯಿಯನ್ನು ಬಲೆಯ ಚೀಲದಲ್ಲಿ ಕಟ್ಟಿ ಬಾವಿಗೆ ಇಳಿಸಿಡುತ್ತಿದ್ದರು. ಅಡುಗೆಮನೆಯಲ್ಲಿ ಫ್ರಿಜ್ ಇತ್ತು. "ಫ್ರಿಜ್ಜಿನ ತಂಪು ಹಲ್ಲಿಗೆ, ಬಾವಿಯ ತಂಪು ಹೊಟ್ಟೆಗೆ" ಎನ್ನುತ್ತಿದ್ದರು. ಮಧ್ಯಾಹ್ನ ನಾನು ಶಾಲೆಯಿಂದ ಬರುವ ಹೊತ್ತಿಗೆ ಮೇಲಕ್ಕೆ ಎಳೆದು, ಕತ್ತರಿಸಿ, ಒಂದೊಂದು ಹೋಳನ್ನೂ ಕಿಟಕಿಯ ಬೆಳಕಿಗೆ ಹಿಡಿದು ಬೀಜ ತೆಗೆಯುತ್ತಿದ್ದರು. ಡಾಕ್ಟರು ನಕ್ಕರೇನಂತೆ, ಬೀಜದ ಹೆದರಿಕೆ ಹೋಗಿರಲಿಲ್ಲ. ಗಾಂಧಾರಿ ಮೆಣಸನ್ನು ಕಲ್ಲುಪ್ಪಿನ ಜೊತೆ ಜಜ್ಜಿ ಬಟ್ಟಲಿನ ತಳಕ್ಕೆ ಹಚ್ಚುವುದು. ಅದರ ಮೇಲೆ ಹೋಳು ತುಂಬುವುದು, ಲಿಂಬೆ ಹಿಂಡುವುದು, ಎಲ್ಲಕ್ಕಿಂತ ಮೇಲೆ ಓಲೆಬೆಲ್ಲ ತುರಿದು ಉದುರಿಸುವುದು. ಕಲಸುವಂತಿಲ್ಲ. ನಾನು ಚಮಚ ಹಾಕಿ ಕಲಸಲು ಹೋದರೆ ಕೈ ಹಿಡಿಯುತ್ತಿದ್ದರು.

"ಮಗುವನ್ನು ಮೊದಲು ಕರೀಬೇಕು, ಆಮೇಲೆ ಎಬ್ಬಿಸಬೇಕು. ಸಿಹಿಗೆ ಏಳದಿದ್ರೆ ಖಾರಕ್ಕೆ ಏಳ್ತದೆ."

ಮೇಲಿನ ತುತ್ತುಗಳು ಬೆಲ್ಲದ ಸಿಹಿ, ನಡುವೆ ಹುಳಿ, ತಳಕ್ಕೆ ಹೋದ ಹಾಗೆ ಕಿವಿ ಬಿಸಿಯಾಗುವಷ್ಟು ಖಾರ. ಹೆಚ್ಚಿನ ದಿನ ಸಿಹಿಗೇ ಮಗು ಒದೆಯುತ್ತಿತ್ತು. ಸೋಮಾರಿತನ ಮಾಡಿದ ದಿನ ತಳದ ತನಕ ಹೋಗಬೇಕಾಗುತ್ತಿತ್ತು. ಮೂಗಿನಲ್ಲಿ, ಕಣ್ಣಿನಲ್ಲಿ ನೀರು ಇಳಿಸಿಕೊಂಡು ನಾನು ತಿನ್ನುವುದು, ಅವರು ಅಂಗೈ ಇಟ್ಟು ಗೋಡೆ ನೋಡುವುದು. ಹಾಂ, ಉಂಟು. ಉಳಿದ ಖಾರದ ನೀರನ್ನು ಅವರೇ ಕುಡಿದುಬಿಡುತ್ತಿದ್ದರು.

ನನ್ನ ಬಯಕೆ ಶಾಸ್ತ್ರ ಏಳನೇ ತಿಂಗಳಲ್ಲಿ ಆಗಬೇಕಿತ್ತು. ಗಂಡನ ಕುಟುಂಬದಲ್ಲಿ ಸೂತಕ ಬಂದು ಒಂಬತ್ತಕ್ಕೆ ಹೋಯಿತು. ವೇಣೂರಿನ ಅತ್ತೆಮನೆಯ ಅಂಗಳದಲ್ಲಿ ಚಪ್ಪರ ಹಾಕಿದ್ದರು, ಎರಡೂ ಕಡೆಯ ನೆಂಟರು ತುಂಬಿದ್ದರು. ಬೆಳಿಗ್ಗೆ ಬೇಗ ಎದ್ದು ಮಿಂದು, ಹಸಿರು ಸೀರೆ ಉಟ್ಟು, ತಲೆ ತುಂಬ ಮಲ್ಲಿಗೆ ಮುಡಿಸಿಕೊಂಡು ಮಣೆಯ ಮೇಲೆ ಕುಳಿತಾಗಲೇ ನನಗೆ ಗಮನಕ್ಕೆ ಬಂದದ್ದು, ಎದ್ದಾಗಿನಿಂದ ಮಗು ಅಲುಗಿಲ್ಲ.

ಗಡಿಬಿಡಿಯಲ್ಲಿ ಗೊತ್ತಾಗಿರಲಿಕ್ಕಿಲ್ಲ ಎಂದುಕೊಂಡೆ. ಮಡಿಲಿಗೆ ತೆಂಗಿನಕಾಯಿ, ಅಡಿಕೆಯ ಪಿಂಗಾರದ ಹೂ, ಎಲೆಯಡಿಕೆ ತುಂಬಿದರು. ಒಬ್ಬೊಬ್ಬರೇ ಬಂದು ಬಾಯಿಗೆ ಸಿಹಿ ಇಟ್ಟರು. ನಾನು ಮೊಬೈಲುಗಳ ಕಡೆ ನೋಡಿ ನಗುತ್ತಿದ್ದೆ, ಒಳಗೆ ಕಿವಿ ಇಟ್ಟು ಕಾಯುತ್ತಿದ್ದೆ. ಸೀರೆಯ ನೆರಿಗೆಯಡಿಯಲ್ಲಿ ಬೆರಳು ತೂರಿಸಿ ಒತ್ತಿದೆ. ಏನೂ ಇಲ್ಲ. ಹೇಳುವುದು ಯಾರಿಗೆ, ಹೇಗೆ? ಬಯಕೆಯ ದಿನ ಮಣೆಯ ಮೇಲೆ ಕುಳಿತವಳ ಬಾಯಿಂದ ಕೆಟ್ಟ ಮಾತು ಬರಬಾರದು, ಆರತಿ ಆಗುವ ತನಕ ಮಡಿಲು ಚೆಲ್ಲಿ ಏಳಬಾರದು. ಇದನ್ನು ನನಗೆ ಯಾರೂ ಕಲಿಸಿರಲಿಲ್ಲ, ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಕಲಿಸಬೇಕಾಗಿಯೂ ಇಲ್ಲ. ಆರತಿಯೊಂದು ಆಗಲಿ, ಆಮೇಲೆ ಹೇಳುತ್ತೇನೆ ಎಂದು ಕುಳಿತೆ.

ದೊಡ್ಡಮ್ಮ ಲಾಯಿಲದಿಂದ ಬಸ್ಸಿನಲ್ಲಿ ಬಂದಿದ್ದರು, ಕೈಚೀಲದಲ್ಲಿ ಮುಚ್ಚಳದ ಬಟ್ಟಲು. ಸರದಿ ಬಂದಾಗ ಸಿಹಿ ಹಿಡಿದು ಬಗ್ಗಿದವರು ನನ್ನ ಮುಖ ನೋಡಿ ನಿಂತರು.

"ಎಂತ?"

"ಏನಿಲ್ಲ ದೊಡ್ಡಮ್ಮ."

"ಬೆಳಿಗ್ಗೆಯಿಂದ ಉಂಟಾ?"

ನಾನು ಇಲ್ಲ ಎಂದು ತಲೆಯಾಡಿಸಿದೆ. ಅವರು ಸಿಹಿಯನ್ನು ತಟ್ಟೆಗೆ ವಾಪಸ್ ಹಾಕಿ, ಬಟ್ಟಲು ತಂದು ಮುಚ್ಚಳ ತೆಗೆದರು. ಮೇಲಿನ ಬೆಲ್ಲವನ್ನು ಮುಟ್ಟಲಿಲ್ಲ. ಚಮಚವನ್ನು ನೇರ ತಳಕ್ಕೆ ಇಳಿಸಿದರು. ಅದನ್ನು ಕಂಡು ನನಗೆ ನಿಜವಾದ ಭಯವಾಯಿತು. ಅಷ್ಟು ದಿನ ಒಮ್ಮೆಯೂ ಅವರು ಕರೆಯದೆ ಎಬ್ಬಿಸಲು ಹೋದವರಲ್ಲ.

ಖಾರಕ್ಕೆ ಕಣ್ಣೀರು ಸುರಿಯಿತು. "ಹುಡುಗಿಗೆ ಬಯಕೆ ಖಾರದ್ದೇ" ಎಂದು ಯಾರೋ ನಕ್ಕರು. ದೊಡ್ಡಮ್ಮ ಮೊಣಕಾಲೂರಿ, ಪಿಂಗಾರದ ಹೂವನ್ನು ಸರಿಸಿ, ಅಂಗೈ ಇಟ್ಟರು. ಕಣ್ಣು ಗೋಡೆಯ ಕಡೆ. ಇನ್ನೊಂದು ಚಮಚ. ಮತ್ತೆ ಅಂಗೈ. ಹಾಂ, ಉಂಟು ಎನ್ನುವುದನ್ನೇ ಕಾಯುತ್ತಾ ನಾನು ಅವರ ತುಟಿ ನೋಡುತ್ತಿದ್ದೆ. ತುಟಿ ತೆರೆಯಿತು.

"ಕಾರು ತೆಗೀರಿ. ಮಗು ಅಲುಗುವುದಿಲ್ಲ."

ಅತ್ತೆ ಮುಂದೆ ಬಂದರು. ಕೆಟ್ಟವರಲ್ಲ ನನ್ನತ್ತೆ, ಅವರ ಮುಖವೂ ಬಿಳಿಚಿತ್ತು. "ಎಂತ ಮಾತು ಅಕ್ಕ ಇದು, ಇಂಥ ದಿನ? ಆರತಿ ಒಂದು ಆಗ್ಲಿ. ಮಡಿಲು ತುಂಬಿ ಕೂತವಳು ಹಾಗೆ ಎದ್ದು ಹೋಗ್ಲಿಕ್ಕೆ ಉಂಟಾ?"

ದೊಡ್ಡಮ್ಮನ ದನಿ ಏರಲಿಲ್ಲ.

"ನನ್ನ ಬಯಕೆಯ ದಿನ ನಾನೂ ಹೀಗೇ ಕೂತಿದ್ದೆ. ಬೆಳಿಗ್ಗೆಯೇ ಗೊತ್ತಾಗಿತ್ತು. ಒಳ್ಳೆ ದಿನ, ಬಾಯಿ ಬಿಡಬಾರದು ಅಂತ ಕೂತೆ. ಆರತಿ ಆಯ್ತು, ಊಟ ಆಯ್ತು, ನೆಂಟರು ಹೋದರು. ಆಮೇಲೆ ಹೇಳಿದೆ. ಮಗು ಅಷ್ಟು ಹೊತ್ತು ಕಾಯ್ಲಿಲ್ಲ."

ಅತ್ತೆ ಬಗ್ಗಿ, ನನ್ನ ಮಡಿಲಿನ ತೆಂಗಿನಕಾಯಿಯನ್ನು ತಮ್ಮ ಕೈಯಿಂದಲೇ ಎತ್ತಿ ಚಾಪೆಯ ಮೇಲಿಟ್ಟು, ನನ್ನ ರಟ್ಟೆ ಹಿಡಿದು ಎಬ್ಬಿಸಿದರು.

ಮೂಡುಬಿದಿರೆಯ ದಾರಿಯುದ್ದಕ್ಕೂ ಆ ಅಂಗೈ ನನ್ನ ಹೊಟ್ಟೆ ಬಿಡಲಿಲ್ಲ. ಜನ್ಮವಿಡೀ ಡ್ರೈವರುಗಳಿಗೆ ನಿಧಾನ, ನಿಧಾನ ಎಂದವರು ಅಂದು ನನ್ನ ಗಂಡನಿಗೆ ಬೇಗ ಎನ್ನುತ್ತಿದ್ದರು. ಆಸ್ಪತ್ರೆಯಲ್ಲಿ ಮಗುವಿನ ಎದೆಬಡಿತ ಸಿಕ್ಕಿತು, ಆದರೆ ಇಳಿಯುತ್ತಿತ್ತು. ಈಗಲೇ ಆಪರೇಷನ್ ಎಂದರು. ಅರಿವಳಿಕೆ ಕೊಡುವ ಡಾಕ್ಟರು ಕೊನೆಯ ಸಲ ಏನು ತಿಂದದ್ದು, ಯಾವಾಗ ಎಂದು ಕೇಳಿದರು. ಈಗಷ್ಟೇ, ಬಚ್ಚಂಗಾಯಿ ಎಂದೆ. ಅವರ ಹುಬ್ಬು ಗಂಟಾಯಿತು. "ಹೊಟ್ಟೆಯಲ್ಲಿ ಆಹಾರ ಇರುವಾಗ ಇದು ಅಪಾಯ. ಯಾರು ತಿನ್ನಿಸಿದ್ದು?"

"ನಾನು," ಎಂದರು ದೊಡ್ಡಮ್ಮ, ಬಾಗಿಲ ಬಳಿಯಿಂದ. ನನ್ನನ್ನು ಒಳಗೆ ಕರೆದೊಯ್ಯುವಾಗ ಕಂಡದ್ದು ಅವರ ಆ ಮುಖ. ಅಷ್ಟು ಹೆದರಿದ ಮುಖವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಆಮೇಲಿನದ್ದನ್ನು ನನ್ನ ಗಂಡ ಹೇಳಿದ್ದು. ದೊಡ್ಡಮ್ಮ ಬೆಂಚಿನ ಮೇಲೆ ಕೂರಲಿಲ್ಲವಂತೆ. ಮೆಟ್ಟಿಲ ಮೇಲೆ ಬಟ್ಟಲನ್ನು ಮಡಿಲಲ್ಲಿ ಇಟ್ಟುಕೊಂಡು, "ನಾನೇ ತಿನ್ನಿಸಿದ್ದು, ನಾನೇ" ಎನ್ನುತ್ತಾ ಕುಳಿತಿದ್ದರಂತೆ. ಅತ್ತೆ ಅವರ ಪಕ್ಕದಲ್ಲೇ ನೆಲಕ್ಕೆ ಕುಳಿತರಂತೆ. ಹೆಣ್ಣುಮಗು, ಇಬ್ಬರೂ ಹುಷಾರು ಎಂದು ಇವರು ಓಡಿಬಂದು ಹೇಳಿದರೂ ದೊಡ್ಡಮ್ಮ ನಂಬಲಿಲ್ಲ. ನರ್ಸು ಬಟ್ಟೆ ಸುತ್ತಿದ ಮಗುವನ್ನು ಹೊರಗೆ ತಂದಾಗ ಅಂಗೈ ಸೆರಗಿಗೆ ಒರೆಸಿ ಅದರ ಎದೆಯ ಮೇಲಿಟ್ಟರು. "ಹಾಂ," ಎಂದರು. ಮುಂದಿನ ಶಬ್ದ ಬಾಯಿಂದ ಹೊರಡಲಿಲ್ಲ. ಆರತಿ, ಊಟ ಮುಗಿಯುವ ತನಕ ಕಾದು ಬಂದಿದ್ದರೆ ಏನಾಗುತ್ತಿತ್ತೆಂದು ಮರುದಿನ ನಾನು ಡಾಕ್ಟರನ್ನು ಕೇಳಿದೆ. ಅವರು ಮಗುವಿನ ಕೆನ್ನೆ ಮುಟ್ಟಿದರು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಉಂಟು. ಯಾರಾದರೂ ಹೆದರಿಕೆ ಆಗ್ತದೆ ಎಂದರೆ ಉಳಿದವರು ಪೋಡ್ಯೊಡ್ಚಿ ಎನ್ನುವಂತಿಲ್ಲ; ಏಳಬೇಕು. ಮಗಳು ಸಿಡಿಲಿಗೆ ಹೆದರಿದರೆ ಅತ್ತೆಯೇ ಎದ್ದು ಟೀವಿಯ ಪ್ಲಗ್ ಎಳೆಯುತ್ತಾರೆ. ಯಾರದೋ ಬಸ್ಸು ತಡವಾದರೆ ಚಪ್ಪಲಿ ಹಾಕಿಕೊಂಡು ರಸ್ತೆಗೆ ಹೋಗುತ್ತೇವೆ. ಮಗಳು ಹುಟ್ಟಿದ ದಿನದ ಕಥೆ ಕೇಳಿಯೇ ಬೆಳೆದವಳು, ಅವಳಿಗೆ ಇದು ಉಸಿರಾಟದಷ್ಟು ಸಹಜ.

ದೊಡ್ಡಮ್ಮ ಹೋದದ್ದು ಕಳೆದ ಬೇಸಿಗೆಯಲ್ಲಿ. ಪಾರ್ಶ್ವವಾಯು ಬಡಿದು, ಆಸ್ಪತ್ರೆಯವರು ಇನ್ನು ಮನೆಗೆ ಕರಕೊಂಡು ಹೋಗಿ ಎಂದ ಮೇಲೆ, ಮೂಡುಬಿದಿರೆಯ ತಂಗಿಯ ಮನೆಯಲ್ಲಿದ್ದರು. ಒಂದು ಮಧ್ಯಾಹ್ನ ಮಗಳನ್ನು ಕರೆದುಕೊಂಡು ಹೋದೆ. ಬಚ್ಚಂಗಾಯಿ ಮಾಡಿ ಒಯ್ದಿದ್ದೆ, ಬಾವಿಯಲ್ಲಿ ತಂಪು ಮಾಡಿ, ಬೀಜ ತೆಗೆದು, ಖಾರ ತಳಕ್ಕೆ, ಬೆಲ್ಲ ಮೇಲೆ. ತಂಗಿ ಬಟ್ಟಲು ನೋಡಿ ತಲೆಯಾಡಿಸಿದರು. "ಬಾಯಿಗೆ ಏನೂ ಹಾಕುವಂತಿಲ್ಲ ಮಗಾ. ಶ್ವಾಸಕ್ಕೆ ಹೋಗ್ತದೆ."

ಮುಚ್ಚಳ ಹಾಕಿ ಕೆಳಗಿಟ್ಟೆ. ದೊಡ್ಡಮ್ಮನ ಬಲಗೈಯನ್ನು ಕೈಯಲ್ಲಿ ತೆಗೆದುಕೊಂಡೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಆ ಅಂಗೈ ಬಿಸಿಯಾಗಿತ್ತು. ನನ್ನ ಅಂಗೈಯನ್ನು ಅವರ ಹೊಟ್ಟೆಯ ಮೇಲಿಟ್ಟು ಕಾದೆ. ಏರಿತು, ಇಳಿಯಿತು, ಬಹಳ ಹೊತ್ತು ಸುಮ್ಮನಿತ್ತು, ಮತ್ತೆ ಏರಿತು. ಎಲ್ಲಿ ನೋಡಬೇಕೆಂದು ತಿಳಿಯದೆ ಗೋಡೆಯನ್ನು ನೋಡುತ್ತಿದ್ದೆ. ತಂಗಿ ನನ್ನ ಬೆನ್ನು ಸವರಿ, "ಪೋಡ್ಯೊಡ್ಚಿ" ಎಂದರು.

"ನನಗೆ ಹೆದರಿಕೆ ಆಗ್ತಾ ಉಂಟು ದೊಡ್ಡಮ್ಮ," ಎಂದೆ. ಅವರು ಹೇಳಿಕೊಟ್ಟ ಹಾಗೆ, ಹೊತ್ತು ಮಾಡದೆ, ಎಲ್ಲರಿಗೂ ಕೇಳುವ ಹಾಗೆ ಎಂದೆ.

ಕೋಣೆಯಲ್ಲಿದ್ದವರು ತಲೆ ತಗ್ಗಿಸಿದರು. ಯಾರೂ ಏಳಲಿಲ್ಲ. ಏಳುವುದರಿಂದ ಇನ್ನು ಏನೂ ಆಗುವುದಿಲ್ಲವೆಂದು ದೊಡ್ಡವರಾದ ನಮಗೆಲ್ಲ ಗೊತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ನೋಡುತ್ತೇನೆ, ಮಗಳು ಪಕ್ಕದಲ್ಲಿಲ್ಲ. ಕಿಟಕಿಯಿಂದ ಅಂಗಳ ಕಾಣುತ್ತಿತ್ತು. ಅವಳು ಚಪ್ಪಲಿ ಹಾಕಿಕೊಂಡು, ಕಾರಿನ ಹಿಂದಿನ ಬಾಗಿಲನ್ನು ಎರಡೂ ಕೈಯಲ್ಲಿ ತೆರೆದು ಹಿಡಿದು, ಬಿಸಿಲಲ್ಲಿ ನಿಂತಿದ್ದಳು.

"ಬಾ ಅಮ್ಮ, ದೊಡ್ಡಮ್ಮನನ್ನು ಕರ್ಕೊಂಡು ಬಾ, ಹೋಗುವ," ಎಂದಳು. "ಹೊತ್ತು ಮಾಡಬೇಡ."