ಸೇತುವೆಯ ಮೇಲೆ ಕಳೆದದ್ದು, ಕಮರಿಪೇಟೆಯಲ್ಲಿ ಸಿಕ್ಕದ್ದು

ಇಂಥದ್ದನ್ನು ಯಾರಾದರೂ ಹೇಳಿದರೆ ಕಿಸಕ್ಕನೆ ನಗುತ್ತಿದ್ದವನು ನಾನು. ನನ್ನ ಇಷ್ಟಲಿಂಗವನ್ನು ಕಾಲೇಜಿನ ದಿನಗಳಲ್ಲೇ ಕಪಾಟಿಗೆ ಸೇರಿಸಿದವನು. ಹಾಗಾಗಿ ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ದೊಡ್ಡವ್ವ, ಅಂದರೆ ತಾಯಿಯ ಅಕ್ಕ, ಹುಬ್ಬಳ್ಳಿಯಿಂದ ಯಾತ್ರೆಯ ಬಸ್ಸಿನಲ್ಲಿ ನೇಪಾಳದ ಪಶುಪತಿನಾಥನ ದರ್ಶನಕ್ಕೆ ಹೊರಟಳು. ಕಮರಿಪೇಟೆಯ ಮನೆಗೆ ಬೀಗ ಹಾಕಿ, ಇದ್ದ ಒಂದೇ ಕೀಲಿಯನ್ನು ಅದೇ ಊರಿನ ಉಣಕಲ್ಲಿನಲ್ಲಿರುವ ನನಗೆ ಕೊಟ್ಟಳು. ಆರನೆಯ ದಿನ ಮಧ್ಯಾಹ್ನ, ಅವಳ ಜೊತೆಗಿದ್ದ ನೆರೆಮನೆಯ ಗಂಗಕ್ಕನ ಫೋನು ಬಂತು. ಗಡಿಯ ಎರಡು ಊರುಗಳ ನಡುವೆ ನದಿ, ಅದರ ಮೇಲೊಂದು ಉದ್ದನೆಯ ಸೇತುವೆ. ಬಸ್ಸು ತಪಾಸಣೆಗೆ ನಿಂತಿದ್ದರಿಂದ ಇವರು ನಡೆದೇ ದಾಟುತ್ತಿದ್ದರಂತೆ. ಅರ್ಧಕ್ಕೆ ಬಂದಾಗ ದೊಡ್ಡವ್ವ ಕೊರಳು ಮುಟ್ಟಿ ನೋಡಿಕೊಂಡರೆ ಲಿಂಗವಿಲ್ಲ!

ನಮ್ಮವರಲ್ಲಿ ಹಳಬರು ಲಿಂಗ ಕಳೆದರೆ ಅದು ಸಿಗುವ ತನಕ ಹನಿ ನೀರೂ ಮುಟ್ಟುವುದಿಲ್ಲ. ದೊಡ್ಡವ್ವನಿಗೆ ಎಪ್ಪತ್ತು ದಾಟಿತ್ತು, ಸಕ್ಕರೆ ಕಾಯಿಲೆ ಬೇರೆ. ಸುಡು ಬಿಸಿಲಿನಲ್ಲಿ ಕಂಬಿ ಹಿಡಿದು ನಿಂತುಬಿಟ್ಟಿದ್ದಳು. ಅತ್ತ ಹೋಗಲೊಲ್ಲಳು, ಇತ್ತ ಬರಲೊಲ್ಲಳು. ನನಗೆ ನಿಜಕ್ಕೂ ಹೆದರಿಕೆಯಾಯಿತು.

"ನಮ್ಮ ದೇವರ ಜಗಲಿ ಮ್ಯಾಲೆ ಒಮ್ಮೆ ನೋಡಪಾ," ಎಂದಳು ದೊಡ್ಡವ್ವ, ಗಂಗಕ್ಕನಿಂದ ಫೋನು ಇಸಿದುಕೊಂಡು.

"ಮುಂಜಾನೆ ಪೂಜಿ ಮಾಡೀನಿ ಅಂತಿ, ಇಲ್ಲಿ ಹೆಂಗ ಇರ್ತೈತಿ ದೊಡ್ಡವ್ವಾ?"

"ನೋಡಂದ್ರ ನೋಡು."

ಆಕೆಯ ಸಮಾಧಾನಕ್ಕೆಂದು ಬೈಕು ಹತ್ತಿ ಹೋದೆ. ಬೀಗ ಹಾಕಿದ ಹಾಗೇ ಇತ್ತು. ದೇವರ ಜಗಲಿಯ ಮೇಲೆ ತೆಳ್ಳಗೆ ಧೂಳು. ಆ ಧೂಳಿನ ನಡುವೆ ದೊಡ್ಡವ್ವನ ಲಿಂಗದ ಬೆಳ್ಳಿ ಕರಡಿಗೆ. ಚಿಕ್ಕವನಿದ್ದಾಗ ನಾನೇ ಬೀಳಿಸಿ ತಗ್ಗು ಮಾಡಿದ್ದೆ, ಆ ತಗ್ಗೂ ಇತ್ತು.

ವಿಡಿಯೋ ಕಾಲ್ ಮಾಡಿ ತೋರಿಸಿದೆ. "ಮೊದಲ ಜಳಕ ಮಾಡು, ಆಮ್ಯಾಲೆ ಮುಟ್ಟು," ಎಂದಳು. ತಣ್ಣೀರು ಸುರಿದುಕೊಂಡು ಬಂದು, ಕರಡಿಗೆ ತೆರೆದು ಲಿಂಗವನ್ನು ಎಡ ಅಂಗೈಯಲ್ಲಿ ಹಿಡಿದೆ. ಅದರ ಮೇಲಿನ ವಿಭೂತಿ ಇನ್ನೂ ಹಸಿಯಾಗಿತ್ತು. ಎರಡು ದೇಶಗಳ ನಡುವೆ ನಿಂತ ದೊಡ್ಡವ್ವ, ಫೋನಿನಲ್ಲಿ ನನ್ನ ಅಂಗೈ ನೋಡುತ್ತ ಪೂಜೆ ಮುಗಿಸಿ ನೀರು ಕುಡಿದಳು. ಸುಳ್ಳೇಕೆ ಹೇಳಲಿ, ನನಗೆ ಅಳು ಬಂತು.

ಕೊರಳಲ್ಲಿ ಲಿಂಗವಿಲ್ಲದೆ ದೊಡ್ಡವ್ವ ಸೇತುವೆ ಮಾತ್ರ ದಾಟಲಿಲ್ಲ. ಬಸ್ಸು ಮರಳುವ ತನಕ ಗಂಗಕ್ಕನೊಂದಿಗೆ ಈಚೆ ದಡದಲ್ಲಿ, ಹಿಂದಿನ ರಾತ್ರಿ ತಂಗಿದ್ದ ಧರ್ಮಶಾಲೆಯಲ್ಲೇ ಉಳಿದಳು. ಅವಳು ಊರು ಸೇರುವವರೆಗೆ ದಿನಾ ಬೆಳಿಗ್ಗೆ ಜಳಕ ಮಾಡಿ, ಫೋನಿನ ಮುಂದೆ ಅಂಗೈ ಹಿಡಿದು ಕೂರುವುದು ನನ್ನ ಪಾಲಿಗೆ ಬಂತು.

ಮರೆತು ಬಿಟ್ಟು ಹೋಗಿರಬೇಕು ಎನ್ನುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಲಿಂಗ ಕಳೆದ ದಿನವೇ ಬೆಳಿಗ್ಗೆ ಆ ಧರ್ಮಶಾಲೆಯಲ್ಲಿ ಗಂಗಕ್ಕ ತೆಗೆದ ಫೋಟೋ ನನ್ನ ಬಳಿ ಇದೆ. ದೊಡ್ಡವ್ವನ ಅಂಗೈಯಲ್ಲಿ ಲಿಂಗ, ಪಕ್ಕದಲ್ಲಿ ತಗ್ಗು ಬಿದ್ದ ಕರಡಿಗೆ, ಕಿಟಕಿಯಾಚೆ ಸೇತುವೆ.

ಊರಿಗೆ ಬಂದವಳು ಏನೂ ವಿಚಾರಿಸದೆ ಕರಡಿಗೆಯನ್ನು ಕೊರಳಿಗೆ ಕಟ್ಟಿಕೊಂಡಳು. ನಾನೇ ತಡೆಯಲಾರದೆ ಕೇಳಿದೆ, "ಅಲ್ಲಿಂದ ಇಲ್ಲಿಗೆ ಹೆಂಗ ಬಂತು?"

"ಸಿಕ್ಕಿದ್ದು ನಿನಗ. ನನ್ನ ಕೇಳ್ತಿಯಲ್ಲ!"

ನನಗಂತೂ ಇವತ್ತಿಗೂ ತಿಳಿದಿಲ್ಲ. ಆಗಾಗ ಕಪಾಟಿನ ಬಾಗಿಲು ತೆರೆದು, ನನ್ನ ಲಿಂಗ ಅಲ್ಲೇ ಇದೆಯೇ ಎಂದು ನೋಡುತ್ತಿರುತ್ತೇನೆ.