ಲಿಫ್ಟರ್‌ನ ಹೆಂಡತಿ ಮಾಲೆಗೆ ಹೋದದ್ದು

ರಾಣೇಬೆನ್ನೂರಿನ ಬಸ್ಸು ಬ್ಯಾಡಗಿ ಬಿಟ್ಟಾಗ ಬೆಳಗಿನ ಒಂಬತ್ತೂವರೆ. ಫೆಬ್ರವರಿ ತಿಂಗಳು, ಮೆಣಸಿನಕಾಯಿ ಚೀಲಗಳು ಮಾರುಕಟ್ಟೆಗೆ ಬರುವ ಕಾಲ. ಬಸ್ಸಿನಲ್ಲಿದ್ದವರೆಲ್ಲ ಸೀನುತ್ತಿದ್ದರು. ನಾನು ಮಾತ್ರ ಮೂಗು ಹಿಡಿದು ತಡೆದುಕೊಂಡಿದ್ದೆ. ಸೀನಿದರೆ ತೊಡೆಯ ಮೇಲಿನ ಚೀಲ ಜಾರಿ, ಅದರೊಳಗಿನ ಪಾಸ್‌ಪೋರ್ಟ್ ಕಿಟಕಿಯಿಂದ ಹಾರಿ, ಹೊಲದಲ್ಲಿ ಮೇಯುವ ಎಮ್ಮೆಯೊಂದು ಅದನ್ನು ತಿಂದುಬಿಟ್ಟರೆ ಎಂಬ ಹೆದರಿಕೆ. ನನ್ನ ಹೆದರಿಕೆಗಳು ಹೀಗೇ ಇರುತ್ತವೆ, ಅರ್ಧಕ್ಕೆ ನಿಲ್ಲುವುದಿಲ್ಲ, ಎಮ್ಮೆಯವರೆಗೆ ಹೋಗುತ್ತವೆ.

ನಾನು ಹೊರಟದ್ದು ಮಾಲ್ದೀವ್ಸ್ ದೇಶದ ಮಾಲೆಗೆ. ನಮ್ಮ ಮನೆಯವರು, ಕುಪ್ಪೇಲೂರಿನ ಬಸವರಾಜ, ಅಲ್ಲಿನ ಒಂದು ವಾಲಿಬಾಲ್ ಕ್ಲಬ್ಬಿಗೆ ಸಂಬಳದ ಮೇಲೆ ಆಡುತ್ತಿದ್ದರು. ಅವರು ಲಿಫ್ಟರ್. ಅಂದರೆ ನೆಟ್ಟಿನ ಪಕ್ಕ ನಿಂತು ಬೆರಳ ತುದಿಯಿಂದ ಚೆಂಡನ್ನು ಮೇಲಕ್ಕೆತ್ತಿ ಕೊಡುವವರು. ಹೊಡೆದು ಚಪ್ಪಾಳೆ ತೆಗೆದುಕೊಳ್ಳುವವರು ಬೇರೆ. ಮೊದಲು ಒಂದು ಕಾರ್ಖಾನೆಯ ತಂಡದಲ್ಲಿದ್ದರು. ಆ ತಂಡ ಮುಚ್ಚಿದ ಮೇಲೆ ಯಾರು ಕರೆದರೆ ಅಲ್ಲಿಗೆ ಹೋಗಿ ಆಡುವುದೇ ಅವರ ಕಸುಬಾಯಿತು. ನಲವತ್ತು ತುಂಬಿತ್ತು. ಎಡ ಮೊಣಕಾಲಿಗೆ ಅದಕ್ಕಿಂತ ಹೆಚ್ಚು ವಯಸ್ಸಾಗಿತ್ತು.

ಫೋನಿನಲ್ಲಿ ಕೇಳಿದಾಗಲೆಲ್ಲ “ಆರಾಮ ಐತಿ” ಎನ್ನುತ್ತಿದ್ದರು. ಒಂದು ದಿನ ಖರೇ ಹೇಳಿದರು. “ಸೆಮಿಫೈನಲ್‌ನ್ಯಾಗ ಕೋಚ್ ನನ್ನ ಕಾಲು ನೋಡ್ತಾನಂತ. ಪೂರ್ತಿ ಆಡಿದ್ರ ಮುಂದಿನ ವರ್ಷಾನೂ ಕರೀತಾರು. ಇಲ್ಲಂದ್ರ ನನ್ನ ಆಟ ಮುಗೀತು. ನೀ ಒಮ್ಮೆ ಬಾ ಸುಮಾ. ಹದಿನಾರು ವರ್ಷದಾಗ ನನ್ನ ಒಂದು ಮ್ಯಾಚಾದರೂ ಪೂರ್ತಿ ನೋಡಿಯೇನು?”

ನೋಡಿರಲಿಲ್ಲ. ಅವರು ಜಿಗಿದಾಗಲೆಲ್ಲ ನಾನು ಕಣ್ಣು ಮುಚ್ಚುತ್ತಿದ್ದೆ, ಇಲ್ಲವೇ ಚಹಾ ತರುವ ನೆಪದಲ್ಲಿ ಹೊರಗೆ ಹೋಗುತ್ತಿದ್ದೆ. ನಾನು ಕಲಿಸುವ ಶಾಲೆಗೆ ರಜೆ ಹಾಕಿ, ಮಗಳನ್ನು ಹಾವೇರಿಯಲ್ಲಿ ನಮ್ಮ ಅವ್ವನ ಹತ್ತಿರ ಬಿಟ್ಟೆ. ಬಿಡುವಾಗ ಹದಿನಾಲ್ಕರ ಆ ಹುಡುಗಿ ಹೇಳಿತು: “ಅವ್ವಾ, ಅಪ್ಪಗ ಧೈರ್ಯ ಹೇಳಾಕ ಹೊಂಟೀದಿ, ನೆನಪಿರಲಿ. ಹೆದರ್ಸಾಕ ಅಲ್ಲ.” ಊರಲ್ಲೆಲ್ಲ ನಾನೂ ಹಾಗೇ ಹೇಳಿಕೊಂಡಿದ್ದೆ. ಮನಸ್ಸಿನಲ್ಲಿದ್ದದ್ದು ಬೇರೆ. ಹೇಗಾದರೂ ಮಾಡಿ ಅವರನ್ನು ಆಟ ಬಿಡಿಸಿ ಕರೆತರಬೇಕು. ಕದರಮಂಡಲಗಿ ಗುಡಿಯ ಹಣಮಪ್ಪಗೂ ಅಷ್ಟನ್ನೇ ಕೇಳಿಕೊಂಡಿದ್ದೆ.

ರಾಣೇಬೆನ್ನೂರಿನಿಂದ ಬೆಂಗಳೂರಿಗೆ ರೈಲು, ಅಲ್ಲಿಂದ ತಿರುವನಂತಪುರಕ್ಕೆ ಇನ್ನೊಂದು ರೈಲು, ಒಟ್ಟು ಒಂದೂವರೆ ದಿನ. ಅಲ್ಲಿಂದ ಮಾಲೆಗೆ ವಿಮಾನದಲ್ಲಿ ಸುಮಾರು ಒಂದು ತಾಸು. ಬ್ಯಾಡಗಿಯಿಂದ ಹುಬ್ಬಳ್ಳಿಗೆ ಹೋಗಲು ಇದಕ್ಕಿಂತ ಹೆಚ್ಚು ಹೊತ್ತು ಬೇಕು. ನಾನು ಅಲ್ಲಿಯವರೆಗೆ ನೋಡಿದ ದೊಡ್ಡ ನೀರೆಂದರೆ ಗುತ್ತಲದ ಕಡೆಯ ತುಂಗಭದ್ರಾ ಹೊಳೆ. ಇಲ್ಲಿ ಕೆಳಗೆಲ್ಲ ನೀರು, ನಡುವೆ ಯಾರೋ ಚೆಲ್ಲಿದ ಅಂಬಲಿಯ ಹನಿಗಳಂತೆ ದ್ವೀಪಗಳು. ವಿಮಾನ ನಿಲ್ದಾಣವೇ ಒಂದು ದ್ವೀಪ, ಊರು ಇನ್ನೊಂದು ದ್ವೀಪ, ನಡುವೆ ಹತ್ತು ನಿಮಿಷದ ದೋಣಿ. ಸುನಾಮಿ ಬಂದು ಹೋಗಿ ಎರಡು ವರ್ಷವಷ್ಟೇ ಆಗಿತ್ತು.

ದೋಣಿ ನಿಲ್ಲುವ ದಕ್ಕೆಯ ಮೇಲೆ ನಿಂತಿದ್ದ ಗಂಡನಿಗೆ ನಾನು ಮೊದಲು ಕೇಳಿದ ಮಾತು, “ಈ ಊರಾಗ ಗುಡ್ಡ ಐತೇನ್ರಿ?”

“ಇಲ್ಲ.”

“ಮತ್ತ ನೀರು ಬಂದ್ರ ಎಲ್ಲಿ ಹತ್ತೂದು?”

“ನಮ್ಮ ಖೋಲಿ ಮೂರನೇ ಮಾಳಗಿ ಮ್ಯಾಲೈತಿ. ನಿನ್ನ ಸಲುವಾಗಿ ಹಿಡದೇನಿ, ಬಾ.”

ಮೂರು ಮಾಳಿಗೆಯ ಮೆಟ್ಟಿಲನ್ನು ಅವರು ನನ್ನ ಚೀಲ ಹೊತ್ತು ಹತ್ತಿದರು. ಒಂದೊಂದು ಮೆಟ್ಟಿಲಿಗೂ ಬಲಗಾಲೇ ಮುಂದೆ. ನಾನು ಹಿಂದೆ ಎಣಿಸುತ್ತಾ ಬಂದೆ. ನಲವತ್ತೆರಡು ಮೆಟ್ಟಿಲು, ಎಡಗಾಲು ಒಮ್ಮೆಯೂ ಮೊದಲು ಹತ್ತಲಿಲ್ಲ.

ಮನೆಯ ಒಡತಿ ಆಮಿನಾ ಐವತ್ತರ ಹೆಂಗಸು. ಹಿಂದಿ ಸಿನಿಮಾ ನೋಡಿ ನೋಡಿ ನನಗಿಂತ ಚೆನ್ನಾಗಿ ಹಿಂದಿ ಮಾತಾಡುತ್ತಿದ್ದಳು. ಬೆಳಿಗ್ಗೆ ರೋಶಿ ಎಂಬ ತೆಳ್ಳನೆಯ ಚಪಾತಿ ತಂದುಕೊಟ್ಟಳು. ಜೊತೆಗಿನ ಕಾಯಿತುರಿಯಲ್ಲಿ ಮೀನು ಇರುವುದೆಂದು ಮನೆಯವರು ಕಣ್ಣಲ್ಲೇ ಎಚ್ಚರಿಸಿದರು. ನಾನು ರೋಶಿಗೆ ನಮ್ಮ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದೆ. ಆಮಿನಾಳಿಗೆಂದು ಹೆಮ್ಮೆಯಿಂದ ಒಯ್ದಿದ್ದ ಒಂದು ಕಿಲೋ ಬ್ಯಾಡಗಿ ಮೆಣಸಿನಕಾಯಿ ಕೊಟ್ಟೆ. ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು, “ಇದರಲ್ಲಿ ಖಾರ ಎಲ್ಲಿದೆ?” ಎಂದಳು. ಖಾರಕ್ಕಲ್ಲ ತಾಯೀ, ಬಣ್ಣಕ್ಕೆ ಹೆಸರಾದದ್ದು ಎಂದು ವಿವರಿಸಿದೆ. ಪಾಪ, ನಕ್ಕು ತಲೆಯಾಡಿಸಿದಳು.

ಮೂರನೆಯ ದಿನ ಸೆಮಿಫೈನಲ್, ಸಂಜೆ ನಾಲ್ಕೂವರೆಗೆ. ಬಿಸಿಲು ಸುಡುತ್ತಿತ್ತು, ಗಾಳಿಯೆಲ್ಲ ಉಪ್ಪು. ಊಟ ಮಾಡಿ ಮನೆಯವರು ಮಲಗಿದರು. ನಾನು ಸುಮ್ಮನೆ ಕೂರುವವಳಲ್ಲ. ಊರಿನಿಂದ ತಂದಿದ್ದ ಔಡಲ ಎಣ್ಣೆಯನ್ನು ಬಳ್ಳೊಳ್ಳಿ ಹಾಕಿ ಕಾಸಿ ಮೊಣಕಾಲಿಗೆ ತಿಕ್ಕಿದೆ. ಅವರಿಗೆ ಎಚ್ಚರವಾಗಲಿಲ್ಲ. ಅವರ ಕೈ ನೋಡಿದರೆ ಬೆರಳುಗಳೆಲ್ಲ ಸೀಳು ಬಿಟ್ಟು ಒಣಗಿದ ಕಡ್ಡಿಯಂತಾಗಿದ್ದವು. ಹತ್ತೂ ಬೆರಳಿಗೆ, ಒಂದೊಂದು ಗೆಣ್ಣಿಗೆ, ಪ್ರೀತಿಯಿಂದ ಎಣ್ಣೆ ಇಳಿಸಿದೆ. ಎದ್ದ ಮೇಲೆ ಎಂದಿನಂತೆ ಸಾಬೂನು ಹಚ್ಚಿ ಕೈಮುಖ ತೊಳೆದುಕೊಂಡರು. ಔಡಲ ಎಣ್ಣೆ ಸಾಬೂನಿಗೆ ಬಗ್ಗುವಂಥದ್ದಲ್ಲ. ಹೊತ್ತಾಗಿತ್ತು, ಕೈ ನೋಡಿಕೊಳ್ಳದೆ ಹಾಗೇ ಓಡಿದರು.

ಆಟ ನಡೆಯುವ ಒಳಾಂಗಣ ಕ್ರೀಡಾಂಗಣ ಮನೆಯಿಂದ ಹತ್ತು ನಿಮಿಷದ ನಡಿಗೆ. ಆಮಿನಾ ನನ್ನ ಪಕ್ಕ ಕೂತಳು. ಹುಡುಗಿಯಾಗಿದ್ದಾಗ ತಾನೂ ಆಡುತ್ತಿದ್ದೆ ಎಂದಳು. ಆಟ ಶುರುವಾಯಿತು. ಮನೆಯವರು ಕೈಯೆತ್ತಿ ಚೆಂಡು ಕೊಟ್ಟರು, ಅಂಪೈರ್ ಸೀಟಿ ಊದಿ ಎರಡು ಬೆರಳು ತೋರಿಸಿದ. ಇನ್ನೊಮ್ಮೆ ಕೊಟ್ಟರು, ಮತ್ತೆ ಸೀಟಿ, ಮತ್ತೆ ಎರಡು ಬೆರಳು.

“ಯಾಕಂತೆ?” ಎಂದು ಆಮಿನಾಳನ್ನು ಕೇಳಿದೆ.

“ಚೆಂಡು ಎರಡು ಸಲ ಕೈಗೆ ತಾಗಿತು. ಬೆರಳಲ್ಲಿ ಜಾರುತ್ತಿದೆ. ಬಸು ಭಾಯಿಗೆ ಹೀಗೆ ಎಂದೂ ಆಗಿದ್ದಿಲ್ಲ.”

ಮನೆಯವರು ಕೈಯನ್ನು ಚಡ್ಡಿಗೆ ಒರೆಸಿದರು, ನೆಲಕ್ಕೆ ತಿಕ್ಕಿದರು. ಮೂರನೆಯ ಸೀಟಿಗೆ ಕೋಚ್ ಅವರನ್ನು ಹೊರಗೆ ಕೂರಿಸಿ ಬೇರೆಯವನನ್ನು ಇಳಿಸಿದ. ಆಗ ನನಗೆ ಹೊಳೆಯಿತು. ಕಾಲಿನ ಸಲುವಾಗಿ ಹೆದರಿ ಅಷ್ಟು ದೂರ ಬಂದವಳು ಕೈಯನ್ನೇ ಹಾಳು ಮಾಡಿದ್ದೆ. ಲಿಫ್ಟರನ ಬದುಕೆಲ್ಲ ಬೆರಳ ತುದಿಯಲ್ಲಿರುತ್ತದೆ ಎಂದು ಹದಿನಾರು ವರ್ಷ ಸಂಸಾರ ಮಾಡಿದವಳಿಗೆ ತಿಳಿಯದೆ ಹೋಯಿತಲ್ಲ! ಅವರನ್ನು ಆಟ ಬಿಡಿಸಬೇಕೆಂದೇ ಬಂದಿದ್ದೆ. ಹೀಗಲ್ಲ.

ಎಣ್ಣೆ ನೀರಿನ ದಿನ ನಮ್ಮಲ್ಲಿ ಜಿಡ್ಡು ಬಿಡಿಸಲು ಏನು ಮಾಡುತ್ತೇವೆ? ಹಿಟ್ಟು ಹಚ್ಚುತ್ತೇವೆ. ಮೆಟ್ಟಿಲು ಇಳಿದು ಓಡಿದೆ. ಬಾಗಿಲ ಬಳಿ ಒಬ್ಬ ಹೆಂಗಸು ಕರಿದ ತಿಂಡಿ ಮಾಡಲು ಹಿಟ್ಟಿನ ಡಬ್ಬಿ ಇಟ್ಟುಕೊಂಡಿದ್ದಳು. ಕೇಳಲು ಭಾಷೆ ಬರಲಿಲ್ಲ. ಸೆರಗಿನಲ್ಲಿ ಎರಡು ಮುಷ್ಟಿ ಹಿಟ್ಟು ಹಾಕಿಕೊಂಡು ಹೊರಟೇಬಿಟ್ಟೆ. ಹಿಂದಿನಿಂದ ಅವಳು ಕೂಗುತ್ತಿದ್ದಳು, ಅವಳನ್ನು ಸಮಾಧಾನ ಮಾಡಲು ಆಮಿನಾ ಓಡಿ ಬರುತ್ತಿದ್ದಳು.

“ಕೈ ಚಾಚ್ರಿ,” ಎಂದೆ ಬೆಂಚಿನ ಮೇಲೆ ಕೂತಿದ್ದ ಮನೆಯವರಿಗೆ.

“ಏನಿದು?”

“ಹಿಟ್ಟು. ತಿಕ್ರಿ. ಎಣ್ಣಿ ನಾ ಹಚ್ಚೇನಿ.”

ಸಿಟ್ಟು ಮಾಡುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಸೆರಗಿನಲ್ಲೇ ಕೈ ಹಾಕಿ ತಿಕ್ಕುತ್ತಾ, “ನಾ ಮುದುಕ ಆದೆ ಅಂತ ತಿಳದಿದ್ನಲ್ಲ ಮಾರಾಯ್ತಿ!” ಎಂದು ನಗತೊಡಗಿದರು. ಕೋಚ್ ಬಂದು ಇಂಗ್ಲಿಷಿನಲ್ಲಿ ಏನೋ ಕೇಳಿದ. ಮನೆಯವರು ನನಗೆ ತಿಳಿಸಿದರು: “ಇದು ಪೂಜೇನೋ ಔಷಧಾನೋ ಅಂತ ಕೇಳಾಕತ್ತಾನ.” ಕೈ ತೊಳೆದು, ಒಣಗಿಸಿ, ಚೆಂಡನ್ನು ಎರಡು ಸಲ ಗೋಡೆಗೆ ಆಡಿಸಿ ತೋರಿಸಿದರು. ಕೋಚ್ ತಲೆಯಾಡಿಸಿದ.

ಮೊದಲ ಸೆಟ್ಟು ಅಷ್ಟರಲ್ಲಿ ಸೋತಾಗಿತ್ತು. ಎರಡನೆಯ ಸೆಟ್ಟಿಗೆ ಮನೆಯವರು ಒಳಗೆ ಹೋದರು. ಈ ಸಲ ನಾನು ಕಣ್ಣು ಮುಚ್ಚಲಿಲ್ಲ. ಮುಚ್ಚುವ ಅಧಿಕಾರ ಕಳೆದುಕೊಂಡಿದ್ದೆ. ಹಾಗಾಗಿ ನೋಡಿದೆ. ಎಲ್ಲಿಂದಲೋ ಸಿಡಿದು ಬಂದ ಚೆಂಡು ಅವರ ಬೆರಳಿಗೆ ಬಂದೊಡನೆ ಮೆತ್ತಗಾಗುತ್ತಿತ್ತು. ಶಬ್ದವೇ ಇಲ್ಲ. ಮುಖ ಬಲಕ್ಕಿರುತ್ತಿತ್ತು, ಚೆಂಡು ಬೆನ್ನ ಹಿಂದೆ ಎಡಕ್ಕೆ ಹೋಗುತ್ತಿತ್ತು. ಎದುರಿನ ಮೂವರು ತಪ್ಪು ಜಾಗದಲ್ಲಿ ಜಿಗಿದು ಪೆಚ್ಚಾಗಿ ಇಳಿಯುತ್ತಿದ್ದರು. ಜನ ಹೊಡೆದವನಿಗೆ ಚಪ್ಪಾಳೆ ತಟ್ಟುವರು. ಅಷ್ಟರಲ್ಲಿ ಇವರು ಮುಂದಿನ ಚೆಂಡಿಗೆ ತಯಾರಾಗಿ ನಿಂತಿರುವರು. ಮನೆಯಲ್ಲಿ ಚಪ್ಪಲಿ ಎಲ್ಲಿ ಬಿಟ್ಟೆನೆಂದು ಹುಡುಕುವ ಮನುಷ್ಯ ಇವರೇನಾ ಎನಿಸಿತು.

ಎರಡು ಸೆಟ್ಟು ಗೆದ್ದರು, ಇನ್ನೊಂದು ಸೋತರು. ಎರಡೆರಡು ಸೆಟ್ಟು, ಸಮ ಸಮ. ಐದನೆಯ ಸೆಟ್ಟು ಹದಿನೈದು ಪಾಯಿಂಟಿನದು. ಹನ್ನೊಂದು ಹನ್ನೊಂದು ಆದಾಗ ನೆಟ್ಟಿನ ಮೇಲೆ ಜಿಗಿದು ಇಳಿದವರು ಎಡಗಾಲ ಮೇಲೆ ಕುಸಿದರು. ಕೋಚ್ ಬದಲಿಯವನನ್ನು ಕರೆಯಲು ಕೈ ಎತ್ತಿದ. ಮನೆಯವರು ಅವನನ್ನು ನೋಡಲಿಲ್ಲ. ಮೇಲೆ ಕೂತಿದ್ದ ನನ್ನನ್ನು ನೋಡಿದರು.

ಬರ್ರಿ ಎಂದು ಒಮ್ಮೆ ಕೈ ಮಾಡಿದ್ದರೆ ಸಾಕಿತ್ತು, ಎದ್ದು ಬಂದುಬಿಡುತ್ತಿದ್ದರು. ಅದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅದಕ್ಕೆಂದೇ ಅಷ್ಟು ದೂರ ಬಂದಿದ್ದೆ. ನನ್ನ ಕೈ ಮೇಲೆ ಎದ್ದಿತು. ಬಾಯಿಂದ ಮಾತ್ರ ಬೇರೆಯದೇ ಬಂತು.

“ಏಳ್ರೀ! ಇನ್ನೂ ನಾಕು ಪಾಯಿಂಟ್ ಅದಾವು!”

ಇಡೀ ಒಳಾಂಗಣ ತಿರುಗಿ ನೋಡಿತು. ಅವರು ಎದ್ದರು. ಕೋಚ್ ಕೈ ಇಳಿಸಿದ.

ಹದಿಮೂರು ಹದಿನೈದಕ್ಕೆ ಸೋತರು. ಕೊನೆಯ ಚೆಂಡನ್ನೂ ಇವರು ಚೆನ್ನಾಗಿಯೇ ಎತ್ತಿ ಕೊಟ್ಟಿದ್ದರು, ಹೊಡೆದವನು ಹೊರಗೆ ಹೊಡೆದ. ಆಮೇಲೆ ಕೋಚ್ ಬಂದು ಅವರ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡು ಮೆಲ್ಲಗೆ ಮಾತಾಡಿದ. ಮುಂದಿನ ವರ್ಷ ಕರೆಯುವುದಿಲ್ಲ ಎಂಬುದು ಅವನು ಕೈ ಹಿಡಿದ ರೀತಿಯಲ್ಲೇ ನನಗೆ ಗೊತ್ತಾಯಿತು.

ಮನೆಗೆ ನಡೆಯುವಾಗ ನನ್ನ ಹೆಗಲ ಮೇಲೆ ಭಾರ ಹಾಕಿದ್ದರು.

“ಯಾಕ ಕರೀಲಿಲ್ಲ ನನ್ನ?”

“ಕರದಿದ್ರ ಬಂದುಬಿಡ್ತಿದ್ರಿ. ಅದಕ್ಕ.”

“ಛಲೋ ಆಡಿದ್ನೇನು?”

“ಹ್ಞೂಂ. ಪೂರ್ತಿ ನೋಡೇನಿ.”

ಮೂರನೆಯ ಸ್ಥಾನದ ಆಟ ಬಾಕಿ ಇತ್ತು, ಕ್ಲಬ್ಬಿನ ಕೆಲಸಗಳೂ ಇದ್ದವು. ಅವರು ಇನ್ನೂ ಹತ್ತು ದಿನ ನಿಲ್ಲಬೇಕಿತ್ತು. ನನ್ನ ರಜೆ ಮುಗಿದಿತ್ತು. ಎರಡು ದಿನ ಬಿಟ್ಟು ದಕ್ಕೆಗೆ ಕಳಿಸಲು ಬಂದರು. ಕಾಲು ಹೇಗಿದೆ ಎಂದು ಕೇಳಿದೆ. “ಆರಾಮ ಐತಿ” ಎಂದು, ತೋರಿಸಲೆಂದೇ ಎರಡೂ ಕಾಲ ಮೇಲೆ ಸಮನಾಗಿ ನೆಟ್ಟಗೆ ನಿಂತರು. ನಾನೂ ನಂಬಿದವಳಂತೆ ದೋಣಿ ಹತ್ತಿ, ಕೈ ಬೀಸಿ, ಮುಖ ಸಮುದ್ರದ ಕಡೆ ತಿರುಗಿಸಿ ಕೂತೆ.

ದೋಣಿ ಸ್ವಲ್ಪ ದೂರ ಹೋದ ಮೇಲೆ ಮೆಲ್ಲಗೆ ಹಿಂತಿರುಗಿ ನೋಡಿದೆ. ನಾನು ನೋಡುತ್ತಿಲ್ಲವೆಂದು ತಿಳಿದು, ಎಡಗಾಲು ಮಡಚಿ, ದಕ್ಕೆಯ ಕಂಬಕ್ಕೆ ಒರಗಿ ನಿಂತಿದ್ದರು. ಕೂಗಬೇಕೆನಿಸಿತು. ಕೂಗಲಿಲ್ಲ. ಕೂಗಿದ್ದರೆ ಮತ್ತೆ ನೆಟ್ಟಗೆ ನಿಲ್ಲುತ್ತಿದ್ದರು.